ದಾದರಿನ ಜೈಂಟ್ ವ್ಹೀಲಿಗೆ ನೀನೂ ಬಾ

ಚಂಪಾ,

ಮಕ್ಕಳನ್ನು ಕರೆದುಕೊಂಡು ದಾದರಿಗೆ ಹೊರಟೆ. ಮೇ ರಜೆಯ ಭಾನುವಾರ, ತಡಮಾಡಿದರೆ ಎಕ್ಸಿಬಿಷನ್ನಿನ ಕ್ಯೂ ರಸ್ತೆಗೇ ಬಂದುಬಿಡುತ್ತದೆ. ನೀನು ನಲ್ಲಿಯ ಹತ್ತಿರ ಇದ್ದಿ. ಕರೆದಿದ್ದರೆ, "ನೀವೇ ಹೋಗಿ, ನನಗೆ ಕೆಲಸ ಉಂಟು" ಅಂತಿದ್ದಿ. ಎಂಟು ವರ್ಷದಿಂದ ಅದನ್ನೇ ಕೇಳುತ್ತಿದ್ದೇನೆ.

ನಾಲ್ಕು ಟಿಕೆಟ್ ತೆಗೆಯುತ್ತೇನೆ. ಅಡುಗೆ ಮಾಡಬೇಡ, ಊಟ ನಮ್ಮ ಹೋಟೆಲಿನಲ್ಲಿ. ಬೀಗದ ಕೈ ಪ್ರಫುಲ್ಲಕ್ಕನಲ್ಲಿ ಕೊಡು. ಹಸಿರು ಸೀರೆ ಉಟ್ಟುಕೋ, ಪೆಟ್ಟಿಗೆಯಲ್ಲಿಟ್ಟು ಯಾರಿಗೆ ತೋರಿಸುತ್ತಿ? ಒಂಬತ್ತರ ಲೋಕಲ್ ಹಿಡಿ. ದಾದರ್ ಸ್ಟೇಷನ್ನಿನ ಹೊರಗೆ ಯಾರನ್ನು ಕೇಳಿದರೂ ಮೈದಾನ ತೋರಿಸುತ್ತಾರೆ. ಗೇಟಿನಲ್ಲೇ ಕಾಯುತ್ತೇವೆ.

ಜೈಂಟ್ ವ್ಹೀಲಿನಲ್ಲಿ ಅಮ್ಮನ ಪಕ್ಕವೇ ಕೂರುವುದೆಂದು ಮೋಹಿನಿಯ ಹಟ. ದೂಜನದೂ ಅದೇ. ಮಕ್ಕಳಿಗೆ ಹೇಳಬೇಡ, ಅಷ್ಟು ಎತ್ತರ ಹತ್ತಲು ನನಗೂ ನೀನು ಜೊತೆಗೆ ಬೇಕು.

ಐತ