ಪಾಲಲ್ಲ, ಲಾವಣಿ

೧೪ ನವೆಂಬರ್ ೨೦೦೬, ಮಂಗಳವಾರ. ರಾಣೆಬೆನ್ನೂರು.

ಆ ಒಂದು ಶಬ್ದ ಇನ್ನೂ ತಲೆಯಿಂದ ಹೋಗಿಲ್ಲ.

ನಮ್ಮ ಇಂಟರ್ನೆಟ್ ಕಂಪನಿಯ ನಿಯಮಗಳನ್ನು ಸೊಸೆ ಸ್ನೇಹಾ ಕನ್ನಡದಲ್ಲಿ ಬರೆದು, ನನ್ನ ಸಹಿಗೆ ಮೊದಲೇ ಗಿರಾಕಿಗಳಿಗೂ ತೋರಿಸಿದಳು. ಕಂಪ್ಯೂಟರಿನ ವಿಳಾಸದ ನಂಬರುಗಳನ್ನು ಗಿರಾಕಿಗಳಿಗೆ ‘ಹಂಚಿಕೆ’ ಮಾಡುತ್ತೇವಂತೆ. ಹಂಚಿಕೆ ಅಂದರೆ ಈ ಕಡೆಯ ಜನ ಪಾಲು ಅಂತಲೇ ತಿಳಿಯುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲ ಮಾಲತೇಶಪ್ಪ ನಮ್ಮ ಲೈನು ಬಿಟ್ಟು ಬೇರೆ ಕಂಪನಿಗೆ ಹೊರಟಿದ್ದಾನೆ, ನಂಬರು ಮಾತ್ರ ಬಿಡುವುದಿಲ್ಲವಂತೆ. “ನನ್ನ ಪಾಲಿಗೆ ಬಂದದ್ದು, ಯಾಕ ಬಿಡ್ಲಿ?” ಅಂತ ಇಂದು ನಮ್ಮ ಆಫೀಸಿನ ಮುಂದೆ ಕೂಗಾಡಿದ.

‘ಹಂಚಿಕೆ’ ತೆಗೆದು ‘ಲಾವಣಿ’ ಅಂತ ಬರಿ ಎಂದೆ ಸ್ನೇಹಾಗೆ. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದವನು ಬಿತ್ತುತ್ತಾನೆ, ಬೆಳೆಯುತ್ತಾನೆ, ಮುಗಿದ ಮೇಲೆ ಬಿಟ್ಟು ಹೋಗುತ್ತಾನೆ. ನಂಬರೂ ಹಾಗೆಯೇ. ನಮಗೂ ಅದನ್ನು ನಂಬರು ಕೊಡುವ ಮೇಲಿನ ಸಂಸ್ಥೆಯವರು ನಂಬಿ ಕೊಟ್ಟಿದ್ದಾರೆ, ದಾನ ಕೊಟ್ಟಿಲ್ಲ.

“ಅತ್ತಿ, ಕಂಪ್ಯೂಟರಿಗೆ ಹೊಲದ ಮಾತು ಹಚ್ಚತೀರೇನ್ರಿ? ಬೆಂಗಳೂರಿನವರು ನಗ್ತಾರ್ರಿ.”

“ನಗಲಿ ಬಿಡು. ಜಗಳಕ್ಕ ಬರೋರು ನಮ್ಮ ಬಾಗಲಿಗೆ ಬರ್ತಾರ, ಅವರ ಬಾಗಲಿಗಲ್ಲ.”

ಮಗ ಶಶಿಕಾಂತನೂ ಹೆಂಡತಿಯ ಕಡೆ. “ಅವ್ವಾ, ಕಂಪ್ಯೂಟರ್ ಪುಸ್ತಕದಾಗ ಹಂಚಿಕೆ ಅಂತನ ಐತಿ.” ಪುಸ್ತಕ ಬರೆದವನು ಮಾಲತೇಶಪ್ಪನ ಎದುರು ಕೂತು ಉತ್ತರ ಕೊಡುತ್ತಾನೆಯೇ? ನಾನು ಹೈಸ್ಕೂಲು ಕಲಿತವಳು, ಇರಲಿ. ಕಂಪನಿ ನನ್ನ ಹೆಸರಿನಲ್ಲಿದೆ. ಜಗಳ ಹಚ್ಚುವ ಶಬ್ದದ ಕೆಳಗೆ ನಾನು ಸಹಿ ಹಾಕುವುದಿಲ್ಲ.

ನಾಳೆ ಅವನು ಮತ್ತೆ ಬರುತ್ತಾನೆ. ಅವನ ಎದುರು ನಾನೇ ಕೂಡುತ್ತೇನೆ. ಮೇಡ್ಲೇರಿಯ ತನ್ನ ಹೊಲವನ್ನು ಅವನೂ ವರ್ಷದ ಲಾವಣಿಗೆ ಕೊಟ್ಟಿದ್ದಾನೆ. “ಹಿಡಿದಾವ ಇದು ನನ್ನ ಪಾಲು ಅಂದ್ರ ಹೊಲ ಬಿಡ್ತೀಯೇನೋ ಮಾಲತೇಶಾ?” ಅಂತ ಕೇಳುತ್ತೇನೆ. ಅವನು ಏನೇ ಅನ್ನಲಿ, ನಿಯಮದಲ್ಲಿ ‘ಲಾವಣಿ’ ಅಂತಲೇ ಬರೆಸುತ್ತೇನೆ. ನಿದ್ದೆಗೆ ಕಣ್ಣು ಎಳೆಯುತ್ತಿವೆ, ಉಳಿದದ್ದು ನಾಳೆ ಬರೆಯುತ್ತೇನೆ.