ಅಕ್ಕನ ಮುಖದ ಜಾಗದಲ್ಲಿ

ಜೂನ್ ೧೧, ಮಂಗಳವಾರ

ಮುಷ್ಕರದ ದಿನ ಗಿರಣಿ ಗೇಟಿನ ಮುಂದೆ ನಿಂತ ಅಕ್ಕ ಆ ಸಂಜೆ ಮನೆಗೆ ಬರಲಿಲ್ಲ, ಆಮೇಲೆಂದೂ ಬರಲಿಲ್ಲ. ಆ ದಿನ ಗೇಟಿನ ಮುಂದೆ ತೆಗೆದ, ಅವಳದೆಂದು ಇದ್ದ ಒಂದೇ ಫೋಟೊ ದಾಖಲೆ ಕಚೇರಿಯಲ್ಲಿತ್ತು. ಇವತ್ತು ಪರದೆಯಲ್ಲಿ ನೋಡಿದರೆ ಗೇಟಿದೆ, ಅವಳ ಮುಖದ ಜಾಗದಲ್ಲಿ ಬೂದು ಚೌಕಗಳಿವೆ.

"ಜೆಪೆಗ್ ಫೈಲ್ ಅಲ್ವಾ ಯಜಮಾನ್ರೇ, ಚಿತ್ರ ಚಿಕ್ಕದು ಮಾಡೋಕೆ ಕಣ್ಣಿಗೆ ಗೊತ್ತಾಗದ್ದನ್ನ ಬಿಟ್ಬಿಡುತ್ತೆ," ಎಂದ ಗುಮಾಸ್ತ.

"ಯಾರ ಕಣ್ಣಿಗಪ್ಪಾ?"

ತಿಂಗಳಿಗೊಮ್ಮೆ ಆ ಫೈಲು ತೆರೆದು, ಮೂಲೆಯಲ್ಲಿ ತಪಾಸಣೆಯ ತಾರೀಖು ಸೇರಿಸಿ, ಮತ್ತೆ ಜೆಪೆಗ್ ಆಗಿಯೇ ಉಳಿಸಿದ್ದಾರೆ. ಪ್ರತಿ ಸಲವೂ ಇನ್ನಷ್ಟು ಹೋಗಿದೆ. ಪಿಎನ್‌ಜಿ ಎಂಬ ಇನ್ನೊಂದು ಬಗೆಯ ಫೈಲಿನಲ್ಲಿಟ್ಟಿದ್ದರೆ ಏನೂ ಹೋಗುತ್ತಿರಲಿಲ್ಲ.

"ಮೂಲ ಫೋಟೊ?"

"ಸ್ಕ್ಯಾನ್ ಆದ್ಮೇಲೆ ಸುಟ್ವಿ. ಜಾಗ ಬೇಕಿತ್ತಲ್ಲ."

ಮನೆಗೆ ಬಂದು ಕಣ್ಣು ಮುಚ್ಚಿ ಅವಳನ್ನು ನೆನೆದೆ. ಹುಬ್ಬಿನ ಮೇಲಿನ ಗಾಯದ ಗುರುತು ಎಡಕ್ಕೋ ಬಲಕ್ಕೋ ಹೊಳೆಯಲಿಲ್ಲ. ಮತ್ತೆ ನೆನೆದೆ. ಈ ಸಲ ಹುಬ್ಬೇ ಇರಲಿಲ್ಲ. ಇನ್ನೊಮ್ಮೆ ನೆನೆಯಲು ಭಯ.