ಗಡಿಗೆಯೊಳಗಿನ ಹತ್ತಿಕಾಳು

ಲಿಂಗಸೂಗೂರು
ಎಳ್ಳಮಾವಾಸ್ಯೆಯ ಮರುದಿನ, ೧೯೪೩

ಸಭೆಯಲ್ಲಿ ಎಲ್ಲರನ್ನೂ ಸಂಗಾತಿ ಎನ್ನುವ, ಮನೆಯಲ್ಲಿ ನನ್ನನ್ನು ಹೆಸರು ಹಿಡಿದೂ ಕರೆಯದ ನನ್ನ ಯಜಮಾನರಿಗೆ ಆದೆಮ್ಮನ ನಮಸ್ಕಾರ.

ಲಷ್ಕರದಿಂದ ನೀವು ಬರೆದ ಕಾಗದ ಮುಟ್ಟಿತು. ನನ್ನ ಕ್ಷೇಮ ಕೇಳಿದ್ದು ಒಂದು ಸಾಲು, ಸಂಘದ ರಾಜಾಬೀಯ ಭಾಷಣ ವಿಚಾರಿಸಿದ್ದು ಆರು ಸಾಲು. ಅಕ್ಷರ ಕಲಿಸಿದವರು ನೀವೇ, ಈಗ ಅನುಭವಿಸಿ.

ನೀವಿಲ್ಲದೆಯೂ ಹತ್ತಿ ಗಿರಣಿಯ ನಮ್ಮ ಸಂಘ ನಡೆದಿದೆ. ಹೋದ ಸಂತೆಯ ದಿನ ರಾಜಾಬೀ ಮಸ್ಕಿಯಲ್ಲಿ ಚಕ್ಕಡಿಯ ಮೇಲೆ ನಿಂತು ಮಾತಾಡಿದಳು. ರಷ್ಯಾದ ಕೂಲಿಕಾರರ ರಾಜ್ಯದ ಮೇಲೆ ಜರ್ಮನಿ ಬಿದ್ದಿದೆ, ಇನ್ನು ಇದು ಇಂಗ್ಲಿಷರ ಯುದ್ಧವಲ್ಲ, ನಮ್ಮ ಜನರೂ ಇಳಿಯಲೇಬೇಕು ಎಂದು ನಿಮ್ಮ ಮಾತನ್ನೇ ನಿಮಗಿಂತ ಚೆನ್ನಾಗಿ ಹೇಳಿದಳು. ಗುಂಪಿನಲ್ಲೊಬ್ಬ, "ಎರಡು ವರ್ಷದ ಹಿಂದ ಈ ಲಡಾಯಿಗೆ ಹೋಗಬ್ಯಾಡ್ರಿ ಅಂತ ಲಾಠಿ ತಿಂದವ್ರು ನೀವ ಅಲ್ಲೇನು?" ಎಂದು ಕೆಣಕಿದ. "ಹೌದು, ಈಗ ನಮ್ಮ ಗಾಳೆಪ್ಪ ತಾನ ಬಂದೂಕು ಹಿಡದಾನ" ಅಂದಳು. ನಮ್ಮ ಗಾಳೆಪ್ಪನಂತೆ. ನಿಮಗೆ ಅಣ್ಣ ಅನ್ನಲಿಲ್ಲ.

ಹೊಟ್ಟೆಕಿಚ್ಚು ಅನ್ನುತ್ತೀರಿ. ಹೊಟ್ಟೆಕಿಚ್ಚೇ. ನಿನ್ನೆ ಹಬ್ಬಕ್ಕೆ ಮನೆಗೆ ಬಂದಿದ್ದಳು. ಸಜ್ಜೆ ಕಡುಬು ತಿನ್ನುವಾಗಲೂ ಚೆಂದ ಕಾಣುತ್ತಾಳೆ.

ಊರಿಗೆ ಹೇಳುವ ಮುಂಚೆ ನಮ್ಮಲ್ಲೇ ಒಬ್ಬರು ಲಡಾಯಿಗೆ ಹೋಗಬೇಕು ಎಂದು ನೀವು ಸಂಘದಲ್ಲಿ ಕಾಳು ಹಾಕಿಸಿದ ದಿನ ನೆನಪಾಗುತ್ತದೆ. ಓದು ಬಾರದವರಿಗೂ ಮತ ಇರಲಿ ಎಂದು ನೀವೇ ಹೂಡಿದ ಪದ್ಧತಿ ಅದು. ನೀವು ಹೋಗಲಿ ಎನ್ನುವವರು ಗಡಿಗೆಗೆ ಹತ್ತಿಕಾಳು ಹಾಕಬೇಕು, ದುರುಗಪ್ಪ ಹೋಗಲಿ ಎನ್ನುವವರು ಜೋಳ. ಹನ್ನೊಂದು ಹತ್ತಿಕಾಳು, ಹತ್ತು ಜೋಳ ಬಿದ್ದವು. "ನನ್ನ ಮ್ಯಾಲ ಮಂದಿಗೆ ಎಷ್ಟು ಭರೋಸ ಐತಿ ನೋಡು" ಅಂದಿರಿ. ನಾನು ನೆಲ ನೋಡುತ್ತ ನಿಂತಿದ್ದೆ. ದುಃಖಕ್ಕೆ ಎಂದುಕೊಂಡು ಸಮಾಧಾನ ಹೇಳಿದಿರಿ.

ಪಲಟಣ ಸಮುದ್ರ ದಾಟುವುದು ಯಾವಾಗ, ಬರೆಯಿರಿ. ಅಷ್ಟರೊಳಗೆ ರಜೆ ಸಿಕ್ಕರೆ ಮೊದಲು ಮನೆಗೆ ಬನ್ನಿ, ಸಂಘಕ್ಕೆ ಆಮೇಲೆ.

ನಿಮ್ಮ ದಾರಿ ಕಾಯುವ
ಆದೆಮ್ಮ

ತಾ.ಕ.: ಹೇಳದೆಯೇ ಕಾಗದ ಮುಚ್ಚಬೇಕೆಂದಿದ್ದೆ, ಆಗಲಿಲ್ಲ. ಅಂದು ನಾನು ಹಾಕಿದ್ದು ಹತ್ತಿಕಾಳು. ಆಕೆಯ ಜೊತೆ ಒಂದೇ ಚಕ್ಕಡಿಯಲ್ಲಿ ನೀವು ಸಿಂಧನೂರು, ಮಸ್ಕಿ ಎಂದು ತಿರುಗುವುದಕ್ಕಿಂತ ಲಡಾಯಿಯೇ ವಾಸಿ ಅನ್ನಿಸಿತ್ತು. ನಿನ್ನೆ ರಾಜಾಬೀ ಕೈ ತೊಳೆಯುತ್ತ, "ಯಕ್ಕಾ, ನಾ ಜೋಳನ ಹಾಕಿದ್ದೆ. ನಿನ್ನ ಮಾರಿ ನೋಡಿ ಅವ್ರನ್ನ ಕಳಸಾಕ ಮನಸ್ಸಾಗಲಿಲ್ಲ" ಅಂದಳು. ನಿಮ್ಮನ್ನು ನನಗಾಗಿ ಉಳಿಸಲು ನೋಡಿದವಳು ಆಕೆ. ಅದಕ್ಕೂ ನನಗೆ ಆಕೆಯ ಮೇಲೆ ಹೊಟ್ಟೆ ಉರಿಯುತ್ತಿದೆ.